ನಾನು ಊದದ ಸೀಟಿ

ಮೊನ್ನೆ ಬ್ಯಾಡಗಿಯಲ್ಲಿ ಹತ್ತಿದ ಹಿರಿಯರೊಬ್ಬರು ಕಿಟಕಿಯ ಪಕ್ಕ ಕುಳಿತವರೇ, ಅಗಲವಾದ ಲಕೋಟೆಯಿಂದ ಕಪ್ಪು ಫಿಲ್ಮೊಂದನ್ನು ಎಳೆದು ಬಿಸಿಲಿಗೆ ಹಿಡಿದರು. ಹೂಕೋಸನ್ನು ತೆಳುವಾಗಿ ಸೀಳಿ ಸಾಲಾಗಿ ಇಟ್ಟಂತೆ ಅದರ ತುಂಬ ತಲೆಯೊಳಗಿನ ಚಿತ್ರಗಳು. ನಾನು ಟಿಕೆಟ್ ಕೊಡಲು ಹತ್ತಿರ ಹೋದಾಗ, "ಬಾಯಾರ, ಇದರಾಗ ನಿಮಗೇನರ ಕಾಣತೈತೇನ್ರಿ?" ಎಂದು ಕೇಳಿದರು.

"ನನಗೇನ್ ತಿಳೀತೈತ್ರಿ ಅಜ್ಜಾರ, ಡಾಕ್ಟರನ್ನ ಕೇಳ್ರಿ" ಎಂದು ಮುಂದಕ್ಕೆ ಸರಿದೆ. ಆದರೆ ಮುಂದಿನ ಸೀಟಿನವರು ಊರಿನ ಹೆಸರು ಎರಡೆರಡು ಸಲ ಹೇಳಿದರೂ ನನ್ನ ಬೆರಳು ಟಿಕೆಟ್ ಮಷೀನಿನ ಮೇಲೆ ಸುಮ್ಮನೆ ನಿಂತಿತ್ತು. ಅಂಥದೇ ಒಂದು ಫಿಲ್ಮನ್ನು ನಾನೂ ಒಮ್ಮೆ ನಮ್ಮ ಮನೆಯ ಬಾಗಿಲಲ್ಲಿ ನಿಂತು ಬಿಸಿಲಿಗೆ ಹಿಡಿದಿದ್ದೆ... ಅದು ನಮ್ಮ ಡ್ರೈವರ್ ಅಣ್ಣಾರ ತಲೆಯದಾಗಿತ್ತು.

ನಾನು ಬಸ್ ಕಂಡಕ್ಟರ್. ಕೆಲಸಕ್ಕೆ ಸೇರಿದ ಹೊಸದರಲ್ಲಿ ರಾಣೆಬೆನ್ನೂರಿನಿಂದ ಕದರಮಂಡಲಗಿ, ಬ್ಯಾಡಗಿ ಮೇಲೆ ಹಾವೇರಿಗೆ ಹೋಗುವ ಗಾಡಿಯಲ್ಲಿ ನನ್ನನ್ನು ಹಾಕಿದರು. ಅಣ್ಣಾರೇ ಆ ಗಾಡಿಯ ಡ್ರೈವರ್. ಐವತ್ತು ದಾಟಿದ ಮನುಷ್ಯ, ದಪ್ಪ ಮೀಸೆ, ಕಡಿಮೆ ಮಾತು. ಮೊದಲ ದಿನ ನಾನು "ನಮಸ್ಕಾರ್ರಿ ಸರ್" ಎಂದಾಗ ನಕ್ಕು, "ಸರ್ ಅನ್ನೂದು ಡಿಪೋದಾಗ ಸಾಹೇಬ್ರಿಗೆ ಇರಲಿ ತಂಗೆವ್ವ. ಗಾಡ್ಯಾಗ ನಾ ನಿನಗ ಅಣ್ಣ" ಎಂದಿದ್ದರು.

ಅದು ಬರೀ ಬಾಯಿಮಾತಾಗಿರಲಿಲ್ಲ. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯ ದಿನ ಬಸ್ಸಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಘಾಟಿಗೆ ಎಲ್ಲರೂ ಸೀನುತ್ತಿರುತ್ತಾರೆ. ಅಂಥ ಒಂದು ದಿನ ಒಬ್ಬ ಗಂಡಸು ಮೆಣಸಿನಕಾಯಿ ಚೀಲವನ್ನು ನಡುದಾರಿಯಲ್ಲೇ ಇಟ್ಟು, ಲಗೇಜು ಟಿಕೆಟ್ ತೆಗೆಸುವುದಿಲ್ಲ ಎಂದು ಹಟ ಹಿಡಿದ. ನಾನು ಬಿಡಲಿಲ್ಲ. "ಹೆಂಗಸರ ಬಾಯಾಗ ಸೀಟಿ ಕೊಟ್ರ ಹಿಂಗ ಆಗೂದು" ಎಂದು ಅವನು ಇನ್ನೇನೇನೋ ಅಂದ. ಬಸ್ಸು ಹೊಲಗಳ ನಡುವೆ ಗಕ್ಕನೆ ನಿಂತಿತು. ಅಣ್ಣಾರು ಇಂಜಿನ್ ಬಂದ್ ಮಾಡಿ, ಇಳಿದು, ಹಿಂದಿನ ಬಾಗಿಲಿನಿಂದ ಹತ್ತಿ ಬಂದರು.

"ಇಕಿ ಸೀಟಿ ಊದಿದ್ರ ನನ್ನ ಗಾಡಿ ಹೋಗತೈತಿ, ಇಲ್ಲಾಂದ್ರ ಇಲ್ಲ. ನೀವ ಕೇಳ್ರಿ ಇಕಿನ್ನ, ಊದ್ತಾಳೇನು" ಎಂದು ಅವನ ಎದುರು ನಿಂತರು. ಬಸ್ಸಿನ ತುಂಬ ಜನ ಅವನನ್ನು ಬೈಯತೊಡಗಿದರು. ಅವನು ಟಿಕೆಟ್ ತೆಗೆಸಿದ. ನಾನು ಎರಡು ಸೀಟಿ ಊದಿದೆ.

ಒಂದು ಊದಿದರೆ ನಿಲ್ಲಬೇಕು, ಎರಡು ಊದಿದರೆ ಹೊರಡಬೇಕು. ಡ್ರೈವರಿಗೂ ಕಂಡಕ್ಟರಿಗೂ ನಡುವೆ ಇರುವುದು ಇಷ್ಟೇ ಭಾಷೆ. ಒಬ್ಬರ ಬೆನ್ನನ್ನು ಇನ್ನೊಬ್ಬರು ನಂಬಿದರೆ ಮಾತ್ರ ಅದು ನಡೆಯುತ್ತದೆ.

ನನಗೆ ಒಡಹುಟ್ಟಿದವರು ಯಾರೂ ಇಲ್ಲ. ನಾಗರಪಂಚಮಿ ಹಬ್ಬಕ್ಕೆ ಅಣ್ಣತಮ್ಮಂದಿರು ಬಂದು ಅಕ್ಕಪಕ್ಕದ ಹೆಣ್ಣುಮಕ್ಕಳನ್ನು ತವರಿಗೆ ಕರೆದೊಯ್ಯುವಾಗ ನಾನು ಅಡುಗೆಮನೆ ಬಿಟ್ಟು ಹೊರಗೆ ಬರುತ್ತಿರಲಿಲ್ಲ. ಅದು ಅವರಿಗೆ ಹೇಗೆ ತಿಳಿಯಿತೋ... ಮರುವರ್ಷದ ಪಂಚಮಿಗೆ ಗರಿಗರಿ ಬಿಳಿ ಅಂಗಿ ತೊಟ್ಟು ನಮ್ಮ ಮನೆಯ ಮುಂದೆ ನಿಂತಿದ್ದರು. ನಮ್ಮ ಅತ್ತೆಯನ್ನು, "ನಮ್ಮ ತಂಗೀನ್ನ ಹಬ್ಬಕ್ಕ ಕಳಸ್ರೆವ್ವಾ" ಎಂದು ಕೇಳಿದರು. ಅವರ ಮನೆಯಲ್ಲಿ ಅವರ ಹೆಂಡತಿ, ನನ್ನ ವೈನಿ, ನನಗೆ ಕೊಬ್ಬರಿ ಬಟ್ಟಲು, ಶೇಂಗಾ ಉಂಡಿ, ಕುಬಸದ ಕಣ ಕೊಟ್ಟು ಉಡಿ ತುಂಬಿದರು. ಅಂದು ಜೋಕಾಲಿಯ ಮೇಲೆ ಕುಳಿತು ನಾನು ಅತ್ತೆ. ಯಾಕೆಂದು ಅವರಿಬ್ಬರೂ ಕೇಳಲಿಲ್ಲ.

ಅಣ್ಣಾರಿಗೆ ಸಕ್ಕರೆ ಕಾಯಿಲೆ ಇತ್ತು. ಅದು ಡಿಪೋಗೆಲ್ಲ ಗೊತ್ತಿದ್ದದ್ದೇ. ಆದರೆ ಅವರು ಅದನ್ನು ಒಂದು ಕಾಯಿಲೆ ಎಂದು ಬಗೆಯುತ್ತಲೇ ಇರಲಿಲ್ಲ. ಬೆಳಿಗ್ಗೆ ಗುಳಿಗೆ ನುಂಗಿ, ರೊಟ್ಟಿ ತಿನ್ನಲು ಹೊತ್ತಾಗದೆ ಹಾಗೇ ಗಾಡಿ ಹತ್ತುತ್ತಿದ್ದರು. ಇನ್ನೊಂದು ದಿನ ಗುಳಿಗೆ ಬಿಟ್ಟು, ಹಾವೇರಿ ಸ್ಟ್ಯಾಂಡಿನಲ್ಲಿ ಎರಡೆರಡು ಕಪ್ ಸಿಹಿ ಚಹಾ ಕುಡಿಯುತ್ತಿದ್ದರು. "ನಮ್ಮಪ್ಪಗೂ ಇತ್ತು, ಅಂವಾ ಕಬ್ಬು ತಿಂದ ಸತ್ತ" ಎಂದು ನಗುತ್ತಿದ್ದರು.

ಮೊದಮೊದಲು ನಾನೂ ನಕ್ಕಿದ್ದೆ. ಆಮೇಲೆ ಕದರಮಂಡಲಗಿಯಲ್ಲಿ ನಾನು ಒಂದು ಸೀಟಿ ಊದಿದರೂ ಗಾಡಿ ನಿಲ್ಲದೆ ಮುಂದೆ ಹೋಯಿತು. ಹಣಮಪ್ಪನ ಗುಡಿಗೆ ಹೊರಟಿದ್ದ ಹೆಂಗಸರು ಕಾಯಿ, ಹೂವು ಹಿಡಿದುಕೊಂಡು ಹಿಂದಕ್ಕೆ ನಡೆಯಬೇಕಾಯಿತು. ಇನ್ನೊಂದು ದಿನ ಬ್ಯಾಡಗಿ ದಾಟಿ ಬಹಳ ದೂರ ಬಂದ ಮೇಲೆ, "ಬ್ಯಾಡಗಿ ಬಂತೇನು ತಂಗೆವ್ವ?" ಎಂದು ಕನ್ನಡಿಯಲ್ಲಿ ನನ್ನನ್ನು ನೋಡಿ ಕೇಳಿದರು. ನಾನು ಚೇಷ್ಟೆ ಎಂದುಕೊಂಡೆ. ಅವರ ಮುಖದಲ್ಲಿ ಚೇಷ್ಟೆ ಇರಲಿಲ್ಲ. ಕೆಲವೊಮ್ಮೆ ಮಧ್ಯಾಹ್ನದ ಹೊತ್ತಿಗೆ ಅಂಗಿ ತೊಯ್ಯುವಷ್ಟು ಬೆವತು, ನಾಲಿಗೆ ದಪ್ಪವಾದಂತೆ ಮಾತಾಡುತ್ತಿದ್ದರು. ಒಂದು ಬಾಳೆಹಣ್ಣು ಕೊಟ್ಟರೆ ಸ್ವಲ್ಪ ಹೊತ್ತಿಗೆ ಮೊದಲಿನಂತಾಗುತ್ತಿದ್ದರು.

ಒಂದು ದಿನ ಗಾಡಿ ಖಾಲಿಯಾದ ಮೇಲೆ ನಾನು ಕೇಳಿಯೇಬಿಟ್ಟೆ.

"ಅಣ್ಣಾರ, ನಿಮ್ಮ ಲಕ್ಷ್ಯ ಮೊದಲಿನಂಗ ಇಲ್ಲ. ಬೆನ್ನ ಹಿಂದ ಇಷ್ಟ ಮಂದಿ ಇರತಾರ. ದೊಡ್ಡ ಡಾಕ್ಟರಿಗೆ ತೋರಸ್ರಿ."

ಅವರು ಸ್ಟೀರಿಂಗ್ ಮೇಲಿನ ಧೂಳನ್ನು ಅಂಗೈಯಿಂದ ಒರೆಸಿದರು. ಆಮೇಲೆ, "ಕದರಮಂಡಲಗಿ ಹಣಮಪ್ಪನ ಆಣಿ ತಂಗೆವ್ವ, ತೋರಸ್ತೀನಿ. ಏನ್ ಹೇಳ್ತಾರ ಅದನ್ನ ನಿನ್ನ ಮುಂದ ಹೇಳ್ತೀನಿ. ಅಲ್ಲೀತನಕ ಡಿಪೋದಾಗ ಬಾಯಿ ಬಿಡಬ್ಯಾಡ" ಎಂದರು. ಆಣೆ ಹಾಕಿದ ಮೇಲೆ ನಾನು ಮತ್ತೇನೂ ಕೇಳಲಿಲ್ಲ.

ಮುಂದಿನ ವಾರ ಅವರು ಎರಡು ದಿನ ರಜೆ ಹಾಕಿದರು. ತಿರುಗಿ ಬಂದಾಗ ಕೈಯಲ್ಲಿ ಬೂಂದಿ ಉಂಡಿಯ ಪೊಟ್ಟಣವಿತ್ತು. ವೈನಿಯ ತಮ್ಮನ ಮಗಳ ನಿಶ್ಚಯ ಇತ್ತು, ದಾವಣಗೆರೆಗೆ ಹೋಗಿದ್ದೆವು ಎಂದರು. "ಹಂಗ ಅಲ್ಲೇ ಡಾಕ್ಟರಿಗೂ ತೋರಿಸಿದೆ. ಬರೇ ನಿತ್ರಾಣ ಅಂತ. ಟಾನಿಕ್ ಕೊಟ್ಟಾರ." ನಾನು ಅವರ ಎದುರಿಗೇ ಉಂಡಿ ತಿಂದೆ. ಮನೆಗೂ ಎರಡು ಒಯ್ದು ಮಗಳಿಗೆ ಕೊಟ್ಟೆ. ಅಂದು ಎಷ್ಟೋ ದಿನಗಳ ನಂತರ ನನ್ನ ಎದೆ ಹಗುರಾಗಿತ್ತು...

ಅದಾಗಿ ಒಂದು ತಿಂಗಳೂ ಕಳೆದಿರಲಿಕ್ಕಿಲ್ಲ. ಬ್ಯಾಡಗಿಯಿಂದ ಹಾವೇರಿಯ ಕಡೆ ಹೊರಟಿದ್ದೆವು. ಮಧ್ಯಾಹ್ನ. ಒಂದು ಹಳ್ಳಿಯ ಕ್ರಾಸಿನಲ್ಲಿ ಗಾಡಿ ನಿಂತಿತು. ಹಿಂದಿನ ಬಾಗಿಲಿನಿಂದ ಒಬ್ಬ ಅಜ್ಜಿ ಇಳಿಯುತ್ತಿದ್ದಳು. ಸಂತೆ ಚೀಲ ಭಾರವಾಗಿತ್ತೆಂದು ನಾನೇ ಅದನ್ನು ಹಿಡಿದುಕೊಂಡು ಮೆಟ್ಟಿಲ ಬಳಿ ನಿಂತಿದ್ದೆ. "ಹೋಲ್ಡಾನ್, ಹೋಲ್ಡಾನ್" ಎಂದು ಕೂಗುತ್ತಲೂ ಇದ್ದೆ. ಸೀಟಿ ಕೊರಳಲ್ಲಿ ಜೋತಾಡುತ್ತಿತ್ತು. ಅಜ್ಜಿಯ ಒಂದು ಕಾಲು ನೆಲ ಮುಟ್ಟಿತ್ತು, ಇನ್ನೊಂದು ಮೆಟ್ಟಿಲ ಮೇಲಿತ್ತು. ಗಾಡಿ ಹೊರಟಿತು.

ಚೀಲ ಬಿಟ್ಟು ಅವಳ ರಟ್ಟೆಗೆ ಕೈ ಹಾಕಿದೆ. ಸೆರಗು ಮಾತ್ರ ಸಿಕ್ಕಿತು, ಅದೂ ಜಾರಿತು. ಆಮೇಲೆ ನಾನು ಸೀಟಿ ಊದಿದ್ದು ಊದಿದ್ದೇ. ಜನ ಕೂಗಿದರು, ಬಸ್ಸಿನ ತಗಡು ಬಡಿದರು. ಗಾಡಿ ಬಹಳ ಮುಂದೆ ಹೋಗಿ ನಿಂತಿತು. ನಾನು ಓಡಿ ಹಿಂದಕ್ಕೆ ಬಂದಾಗ ಅಜ್ಜಿ ರಸ್ತೆಯಂಚಿನಲ್ಲಿ ಮಗ್ಗುಲಾಗಿ ಬಿದ್ದಿದ್ದಳು. ಬದನೆಕಾಯಿಗಳು ಸುತ್ತ ಚೆಲ್ಲಿದ್ದವು. ಸೊಂಟದ ಎಲುಬು ಮುರಿದಿತ್ತು. "ನನ್ನ ಕಾಲು ಎಲ್ಲೈತೆವ್ವಾ" ಎಂದು ಅವಳು ಕೇಳುತ್ತಿದ್ದಳು.

ಅಣ್ಣಾರು ನಿಧಾನವಾಗಿ ನಡೆದು ಬಂದರು. ಮುಖದಿಂದ ಬೆವರು ಇಳಿಯುತ್ತಿತ್ತು. "ಏನಾತು?" ಎಂದರು. ಅಷ್ಟೇ.

ಡಿಪೋದಲ್ಲಿ ಮರುದಿನ ವಿಚಾರಣೆ. ಸಾಹೇಬರ ಕೋಣೆಯಲ್ಲಿ ನಾವಿಬ್ಬರೂ ಅಕ್ಕಪಕ್ಕ ನಿಂತಿದ್ದೆವು. ಮೊದಲು ಅವರನ್ನು ಕೇಳಿದರು. ಅವರು ಗೋಡೆಯನ್ನು ನೋಡುತ್ತ ಹೇಳಿದರು: "ಕಂಡಕ್ಟರ್ ಎರಡು ಸೀಟಿ ಊದಿದ್ರು ಸಾಹೇಬ್ರ. ನಾ ಕೇಳೀನಿ. ಕೇಳಿದ ಮ್ಯಾಲ ಗಾಡಿ ಬಿಟ್ಟೀನಿ."

ತಂಗೆವ್ವ ಎನ್ನಲಿಲ್ಲ, ಕಂಡಕ್ಟರ್ ಎಂದರು. ನನಗೆ ಮೊದಲು ಚುಚ್ಚಿದ್ದು ಅದೇ. ಉಳಿದದ್ದು ಆಮೇಲೆ ನಿಧಾನವಾಗಿ ಒಳಗಿಳಿಯಿತು.

"ಅಣ್ಣಾರ, ನಾ ಯಾವಾಗ ಊದಿನಿ? ಕೈಯಾಗ ಚೀಲ ಇತ್ತು ನಂದು" ಎಂದೆ. ಅವರು ನನ್ನ ಕಡೆ ತಿರುಗಲಿಲ್ಲ. ಮುಂದಿನ ಸೀಟಿನಲ್ಲಿದ್ದ ಒಬ್ಬ ಪ್ರಯಾಣಿಕರೂ, ಯಾವುದೋ ಸೀಟಿ ಕೇಳಿಸಿದಂಗಾತು ಎಂದು ಹೇಳಿಕೆ ಕೊಟ್ಟರು. ಗಾಡಿ ಹೊರಟ ಮೇಲೆ ನಾನು ಊದಿದ್ದೇ ಅವರ ಕಿವಿಯಲ್ಲಿ ಉಳಿದಿರಬೇಕು. ಅವರ ಮುಂದೆ ಅದನ್ನು ಬಿಡಿಸಿ ಹೇಳುವ ಅವಕಾಶ ನನಗೆ ಸಿಗಲಿಲ್ಲ. ಡ್ರೈವರಿಗೆ ಲಕ್ಷ್ಯ ಕಡಿಮೆಯಾಗಿತ್ತು, ಎಷ್ಟೋ ದಿನದಿಂದ ನೋಡುತ್ತಿದ್ದೆ ಎಂದು ಹೇಳಿದೆ. "ಹಂಗಿದ್ರ ಮೊದಲ ಯಾಕ ಹೇಳ್ಲಿಲ್ಲ? ಈಗ ನಿನ್ನ ಮ್ಯಾಲ ಬಂದ ಕೂಡ್ಲೆ ಅವರ ಮ್ಯಾಲ ಹಾಕ್ತಿ?" ಎಂದರು ಸಾಹೇಬರು. ಹಣಮಪ್ಪನ ಆಣೆಯ ಸಂಗತಿಯನ್ನು ಯಾವ ಬಾಯಿಂದ ಹೇಳುವುದು?

ನನ್ನನ್ನು ಸಸ್ಪೆಂಡ್ ಮಾಡಿದರು. ಅವರನ್ನು ಎಚ್ಚರಿಕೆ ಕೊಟ್ಟು ಗಾಡಿ ಹತ್ತಿಸಿದರು.

ಆ ತಿಂಗಳುಗಳನ್ನು ನೆನೆಸಿಕೊಳ್ಳಲು ಈಗಲೂ ಮನಸ್ಸು ಬರುವುದಿಲ್ಲ. ಅಜ್ಜಿಯ ಮಕ್ಕಳು ನಮ್ಮ ಮನೆಯ ಮುಂದೆ ಬಂದು, ಓಣಿ ಕೂಡುವ ಹಾಗೆ ಬೈದು ಹೋದರು. ಅವರದು ತಪ್ಪಲ್ಲ. ಹಾಸಿಗೆ ಹಿಡಿದ ತಾಯಿಯನ್ನು ಕಂಡವರು ಅವರು. ನನ್ನ ಗಂಡ ನನ್ನನ್ನು ದೂರಲಿಲ್ಲ. ಆದರೆ ಒಂದು ದಿನ ಊಟಕ್ಕೆ ಕುಳಿತವನು, "ಖರೇನ ಊದಿಲ್ಲಲ್ಲ ನೀ?" ಎಂದು ಮೆಲ್ಲಗೆ ಕೇಳಿದ. ಅವನೂ ಕೇಳಿಬಿಟ್ಟನಲ್ಲ ಎಂದು ತಟ್ಟೆ ಸರಿಸಿ ಎದ್ದೆ. ಅದಕ್ಕಿಂತ ಹೆಚ್ಚಾಗಿ ನನ್ನನ್ನು ಹೆದರಿಸಿದ್ದು ಬೇರೆ. ಮತ್ತೆ ಮತ್ತೆ ನೆನೆದು ನೆನೆದು, ನನಗೇ ಒಮ್ಮೊಮ್ಮೆ ಬಾಯಲ್ಲಿ ಸೀಟಿಯ ರುಚಿ ಬರತೊಡಗಿತ್ತು. ಊದಿದ್ದೆನೇ? ಚೀಲ ಹಿಡಿಯುವ ಮೊದಲು? ಇಲ್ಲ... ಇಲ್ಲ. ಆ ವರ್ಷ ಪಂಚಮಿಗೆ ಯಾರೂ ಬರಲಿಲ್ಲ. ಬರುತ್ತಾರೆಂದು ನಾನು ಬಾಗಿಲು ನೋಡಿದ್ದೂ ನಿಜ.

ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಅಣ್ಣಾರು ರಾಣೆಬೆನ್ನೂರು ಸ್ಟ್ಯಾಂಡಿನಿಂದ ಗಾಡಿ ತೆಗೆದು, ಬ್ಯಾಡಗಿಯ ರಸ್ತೆ ಬಿಟ್ಟು ದೇವರಗುಡ್ಡದ ದಾರಿ ಹಿಡಿದರಂತೆ. ಹೊಸ ಕಂಡಕ್ಟರ್ ಸೀಟಿ ಊದಿ ನಿಲ್ಲಿಸಿದ. ಅಣ್ಣಾರು ಮುಂದಿನ ಗಾಜನ್ನು ನೋಡುತ್ತ ಕುಳಿತೇಬಿಟ್ಟರು. ಎಲ್ಲಿಗೆ ಹೋಗಬೇಕೆಂದು ಕೇಳಿದರೆ, "ನೀವ ಹೇಳ್ರಿ" ಎಂದರಂತೆ. ಯಾರಿಗೂ ಪೆಟ್ಟಾಗಲಿಲ್ಲ. ಅವರನ್ನು ಹಾವೇರಿಯ ಆಸ್ಪತ್ರೆಗೆ ಸೇರಿಸಿದರು.

ಎರಡು ದಿನ ಬಿಟ್ಟು ವೈನಿ ನಮ್ಮ ಮನೆಗೆ ಬಂದರು. ಸೆರಗಿನೊಳಗೆ ಒಂದು ದೊಡ್ಡ ಲಕೋಟೆ. ಒಳಗೆ ಬರ್ರಿ ಎಂದು ನಾನು ಅನ್ನಲಿಲ್ಲ. ಅವರೇ ಹೊಸ್ತಿಲ ಮೇಲೆ ಕುಳಿತರು.

"ದವಾಖಾನ್ಯಾಗ ಮತ್ತ ತಲಿ ಫೋಟೋ ತೆಗೀಬೇಕು ಅಂದ್ರು. ಮೊದಲಿಂದು ಮನ್ಯಾಗ ಐತ್ರಿ ಅಂತ ನಾ ಬಾಯಿ ತಪ್ಪಿ ಅಂದೆ. ಅವರು ತೊಗೊಂಡ ಬಾ ಅಂದ್ರು. ಒಯ್ಯೂಮುಂದ, ಮೊದಲ ನಿನಗ ತೋರಿಸಿ ಒಯ್ಯೂಣು ಅನ್ನಿಸ್ತು."

"ಮೊದಲಿಂದು ಅಂದ್ರ?"

ವೈನಿ ನೆಲ ನೋಡಿದರು. "ದಾವಣಗೇರ್ಯಾಗ ತೆಗೆಸಿದ್ದು. ಯಾರದೂ ನಿಶ್ಚಯ ಇರಲಿಲ್ಲ ತಂಗೆವ್ವ. ಡಾಕ್ಟರು ಅವತ್ತ ಹೇಳಿದ್ರು, ಶುಗರ್ ತಲೀಗೆ ಏರೈತಿ, ಇನ್ ಮ್ಯಾಲ ಗಾಡಿ ಹೊಡಿಬ್ಯಾಡ್ರಿ ಅಂತ. ಇವರು ನನ್ನ ಕಡಿಂದ ವಚನ ತೊಗೊಂಡ್ರು, ಯಾರ ಮುಂದೂ ಹೇಳಬ್ಯಾಡ ಅಂತ. ಗಾಡಿ ಬಿಟ್ರ ನಾ ಸಾಯ್ತೀನಿ ಅಂತ ಅತ್ತರು. ಉಂಡೀನ್ನ ದಾವಣಗೇರಿ ಬಸ್ ಸ್ಟ್ಯಾಂಡಿನ್ಯಾಗ ತೊಗೊಂಡ್ವಿ."

ನಾನು ಆ ಫಿಲ್ಮನ್ನು ಬಿಸಿಲಿಗೆ ಹಿಡಿದದ್ದು ಆಗಲೇ. ನನಗೆ ಏನೂ ಕಾಣಲಿಲ್ಲ. ಕಂಡದ್ದು ಆ ಉಂಡಿ ತಿನ್ನುತ್ತಿದ್ದ ನನ್ನ ಮಗಳ ಮುಖ.

ಫಿಲ್ಮನ್ನು ಲಕೋಟೆಗೆ ತಿರುಗಿ ಹಾಕಿ ಚಪ್ಪಲಿ ಮೆಟ್ಟಿದೆ. ವೈನಿಯ ಜೊತೆ ಹಾವೇರಿಗೆ ಹೊರಟೆ. ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕುಳಿತು, ಒಬ್ಬರಿಗೊಬ್ಬರು ಮುಖ ಕೊಡದೆ ಹೋದೆವು. ಆಸ್ಪತ್ರೆಯಲ್ಲಿ ಎಳೆಯ ವಯಸ್ಸಿನ ಡಾಕ್ಟರಮ್ಮ, ದಕ್ಷಿಣದ ಕಡೆಯವರು, ಫಿಲ್ಮನ್ನು ದೀಪದ ಪೆಟ್ಟಿಗೆಗೆ ಸಿಕ್ಕಿಸಿ ಬೆರಳಿಟ್ಟು ತೋರಿಸಿದರು. ಅಲ್ಲಲ್ಲಿ ಜೋಳದ ನುಚ್ಚು ಎರಚಿದಂತೆ ಬಿಳಿ ಚುಕ್ಕೆಗಳಿದ್ದವು.

"ವರ್ಷಗಟ್ಟಲೆ ಸಕ್ಕರೆ ಹಿಡಿತದಲ್ಲಿ ಇಲ್ಲದಿದ್ದರೆ ಮಿದುಳಿನ ಸಣ್ಣ ಸಣ್ಣ ರಕ್ತನಾಳ ಹೀಗೆ ಕೆಡ್ತವೆ. ಗಮನ ನಿಲ್ಲಲ್ಲ, ಯೋಚನೆ ನಿಧಾನ ಆಗುತ್ತೆ, ಮರೆವು ಬರುತ್ತೆ. ಇವರು ಊಟ ಮಾಡದೆ ಮಾತ್ರೆ ತಗೊಂಡಾಗ ಸಕ್ಕರೆ ಒಮ್ಮೆಲೇ ಇಳಿದು, ಆ ಹೊತ್ತಲ್ಲಿ ಏನಾಯ್ತು ಅನ್ನೋದೇ ಗೊತ್ತಾಗ್ತಿರಲಿಲ್ಲ. ನಡುವೆ ಬಿಟ್ಟುಹೋದದ್ದನ್ನ ಮನಸ್ಸು ತಾನೇ ಏನೋ ಒಂದು ಹಾಕಿ ತುಂಬಿಕೊಳ್ಳೋದೂ ಉಂಟು."

"ಹಂಗಾರ, ಊದದ ಸೀಟಿ ಕೇಳಿಸಿರಬಹುದೇನ್ರಿ ಅವರಿಗೆ?" ಎಂದು ಕೇಳಿದೆ. ಇಡೀ ಕತೆಯನ್ನು ಹೇಳಿದೆ. "ಅವರು ನನ್ನ ಮ್ಯಾಲ ಸುಳ್ಳ ಹೇಳಿದ್ರೋ, ಖರೇನ ಹಂಗ ಅನ್ನಿಸಿತ್ತೋ, ಇದರಾಗ ತಿಳೀತೈತೇನ್ರಿ?"

ಅವರು ನನ್ನನ್ನು ನೋಡಿ, ಮತ್ತೆ ಫಿಲ್ಮ್ ನೋಡಿ, ದೀಪ ಆರಿಸಿದರು. "ಕೇಳಿಸಿರಬಹುದು. ಆದರೆ ಅದು ಇದರಲ್ಲಿ ಕಾಣಲ್ಲಮ್ಮ."

ಆ ಫಿಲ್ಮನ್ನು ಸಾಹೇಬರ ಮೇಜಿನ ಮೇಲೆ ಇಟ್ಟವರು ವೈನಿಯೇ. ನಾನು ಕೇಳಿಕೊಳ್ಳಲಿಲ್ಲ. ಗಂಡನಿಗೆ ಕೊಟ್ಟ ವಚನ ಮುರಿದು, ಎಲ್ಲರ ಮುಂದೆ ನಿಂತು ಹೇಳಿದರಂತೆ. ವಿಚಾರಣೆ ಮತ್ತೆ ತೆರೆಯಿತು. ನನ್ನನ್ನು ಕೆಲಸಕ್ಕೆ ತಿರುಗಿ ತೆಗೆದುಕೊಂಡರು. ಅಣ್ಣಾರಿಗೆ ಗಾಡಿ ಕೊಡುವುದು ನಿಂತಿತು. ಕೆಲವು ದಿನ ಡಿಪೋದ ಒಳಗೆ ಕೂಡಿಸಿದರು. ಆಮೇಲೆ ಅದೂ ಆಗದೆ ಮನೆಯಲ್ಲೇ ಉಳಿದರು.

ಡಾಕ್ಟರಮ್ಮನ ಆ ಒಂದು ಮಾತನ್ನು, "ಕೇಳಿಸಿರಬಹುದು" ಎಂಬುದನ್ನು, ನಾನು ಗಟ್ಟಿಯಾಗಿ ಹಿಡಿದುಕೊಂಡೆ. ಫಿಲ್ಮ್ ಮುಚ್ಚಿಟ್ಟದ್ದು ಅಂಜಿಕೆಗೆ. ಅಂಜಿದ ಮನುಷ್ಯನನ್ನು ಹೇಗೋ ಕ್ಷಮಿಸಬಹುದು. ಸೀಟಿಯ ಮಾತು ಅವರದಲ್ಲ, ಕಾಯಿಲೆಯದು. ಹೀಗೆ ನನಗೆ ನಾನೇ ಹೇಳಿಕೊಂಡೆ. ಹೇಳಿಕೊಳ್ಳುತ್ತ ಹೇಳಿಕೊಳ್ಳುತ್ತ ನಂಬಿಯೂಬಿಟ್ಟೆ. ಮುಂದಿನ ಪಂಚಮಿಗೆ, ಕರೆಯಲು ಯಾರೂ ಬರದಿದ್ದರೂ, ನಾನೇ ಉಂಡಿ ಕಟ್ಟಿಕೊಂಡು ಅವರ ಮನೆಗೆ ಹೋದೆ. ಸಕ್ಕರೆ ಬೆಲ್ಲ ಹಾಕದ, ಪುಟಾಣಿ ಎಳ್ಳಿನ ಪುಡಿಯನ್ನು ಬರೀ ತುಪ್ಪದಲ್ಲಿ ಕಟ್ಟಿದ ಉಂಡಿ.

ಅವರು ಅಂಗಳದ ಕಟ್ಟೆಯ ಮೇಲೆ ಬಿಸಿಲಿಗೆ ಕುಳಿತಿದ್ದರು. ಮೀಸೆ ಬೋಳಿಸಿದ್ದರು. ಇಳಿದು ಹೋಗಿದ್ದರು. ನನ್ನನ್ನು ಕಂಡ ಕೂಡಲೇ ಗುರುತು ಹಿಡಿದು, "ಬಾ ತಂಗೆವ್ವ, ಕುಂದ್ರು" ಎಂದರು. ನಾನು ಕಟ್ಟೆಯ ತುದಿಗೆ ಕುಳಿತೆ. ವೈನಿ ಒಳಗೆ ಚಹಾಕ್ಕಿಡಲು ಹೋದರು.

"ನಾ ಈಗಷ್ಟ ಬಂದೆ ನೋಡು. ಮುಂಜಾನೆ ದೇವರಗುಡ್ಡದ ಟ್ರಿಪ್ ಇತ್ತು. ಗಾಡಿ ಫುಲ್. ನಮ್ಮವ್ವನೂ ಬಂದಿದ್ಲು" ಎಂದರು. ಅವರ ತಾಯಿ ತೀರಿಕೊಂಡು ಎಷ್ಟು ಕಾಲವಾಗಿತ್ತೋ. ನಾನು ಹೂಂಗುಟ್ಟಿದೆ. ಉಂಡಿ ಕೈಗೆ ಕೊಟ್ಟೆ. ಅದನ್ನು ಮುರಿದು ಬಾಯಿಗೆ ಹಾಕಿಕೊಂಡು, ಅಗಿಯುತ್ತ, ಇದ್ದಕ್ಕಿದ್ದಂತೆ ನನ್ನ ಮುಖವನ್ನು ನೆಟ್ಟಗೆ ನೋಡಿದರು. ಹಳೆಯ ನೋಟ. ಬಸ್ಸಿನ ಕನ್ನಡಿಯಲ್ಲಿ ನೋಡುತ್ತಿದ್ದರಲ್ಲ, ಅದೇ.

"ಅವತ್ತ ನೀ ಊದಿರಲಿಲ್ಲ" ಎಂದರು.

ನಾನು ಅವರ ಕಡೆ ಸರಿದು ಕುಳಿತೆ.

"ಯಾವ ಸೀಟೀನೂ ಕೇಳಿಲ್ಲ ನಾ. ಕಾಲು ತಾನ ಬಿಟ್ಟಿತು. ನನ್ನ ಕಡಿಂದ ಆತು ಅಂದ್ರ ಗಾಡಿ ಕಸಗೋತಿದ್ರು. ನೀ ಸಣ್ಣಾಕಿ, ನಿನಗ ಮತ್ತ ಕೊಡತಾರ ಅಂತ... ನನಗ ಗೊತ್ತಿತ್ತು ತಂಗೆವ್ವ."

ಇದು ಖರೆಯೇ ಎಂದು ಕೇಳಬೇಕೆಂದುಕೊಂಡೆ. ಯಾರನ್ನು ಕೇಳುವುದು? ಅವರಾಗಲೇ ಉಂಡಿಯ ಇನ್ನೊಂದು ಚೂರು ಮುರಿದು ಪಕ್ಕದ ಖಾಲಿ ಜಾಗಕ್ಕೆ ಹಿಡಿದು, "ತಿನ್ನ ಯವ್ವಾ" ಎನ್ನುತ್ತಿದ್ದರು. ಅವರ ತಾಯಿ ಅಲ್ಲಿ ಕುಳಿತಿದ್ದಳು, ಅವರ ಪಾಲಿಗೆ.

ವೈನಿ ಚಹಾ ತಂದರು. "ಏನ್ ಹೇಳಾಕತ್ತಾರ?" ಎಂದು ಕೇಳಿದರು. "ಏನಿಲ್ರಿ, ದೇವರಗುಡ್ಡಕ್ಕ ಹೋಗಿದ್ರಂತ" ಎಂದೆ. ಕುಡಿದೆನೋ ಇಲ್ಲವೋ ನೆನಪಿಲ್ಲ. ಎದ್ದು ಬಂದೆ.

ಅವರು ಹೇಳದೆ ಇದ್ದಿದ್ದರೆ ಚೆನ್ನಾಗಿತ್ತು. ಕಾಯಿಲೆಯ ಹೆಸರಿನಲ್ಲಿ ನಾನು ಅವರನ್ನು ನನ್ನ ಅಣ್ಣನಾಗಿಯೇ ಉಳಿಸಿಕೊಂಡಿದ್ದೆ. ಅದನ್ನೂ ತಾವೇ ಬಂದು ಕಿತ್ತುಕೊಂಡಂತಾಯಿತು. ಸತ್ತ ತಾಯಿಗೆ ಉಂಡಿ ತಿನ್ನಿಸುವ ಮನುಷ್ಯನ ಮಾತು ಅದು, ನಂಬಬೇಕಾಗಿಲ್ಲ ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ಆದರೆ "ನೀ ಸಣ್ಣಾಕಿ, ನಿನಗ ಮತ್ತ ಕೊಡತಾರ" ಎಂಬ ಲೆಕ್ಕಾಚಾರ... ಕೆಟ್ಟ ಮಿದುಳು ಅದನ್ನು ಎಲ್ಲಿಂದ ತರಬೇಕು? ಅದು ತಲೆ ಗಟ್ಟಿಯಿದ್ದ ದಿನವೇ ಮಾಡಿದ ಲೆಕ್ಕ ಎಂದು ನನ್ನ ಒಳಗು ಹೇಳುತ್ತದೆ. ಆಮೇಲೆ ನಾನು ಆ ಮನೆಗೆ ಹೋಗಲಿಲ್ಲ.

ಚಳಿಗಾಲದಲ್ಲಿ ಅವರು ತೀರಿಕೊಂಡರು. ಸುದ್ದಿ ಬಂದಾಗ ನಾನು ಗುತ್ತಲದ ಗಾಡಿಯಲ್ಲಿದ್ದೆ. ಡ್ಯೂಟಿ ಬಿಟ್ಟು ಹೋದೆ. ಡಿಪೋದವರೆಲ್ಲ ಬಂದಿದ್ದರು. ಎಂಥ ಡ್ರೈವರು, ಮುದುಕರು ಕೂರುವ ತನಕ ಗಾಡಿ ಬಿಡುತ್ತಿರಲಿಲ್ಲ ಎಂದು ಮಾತಾಡಿಕೊಳ್ಳುತ್ತಿದ್ದರು. ಅದು ಸುಳ್ಳಲ್ಲ. ವೈನಿ ನನ್ನ ಕೊರಳಿಗೆ ಬಿದ್ದು, "ನಿನ್ನ ಅಣ್ಣ ಹೋದ್ನಲ್ಲೆ" ಎಂದು ಅತ್ತರು. ನಾನೂ ಅತ್ತೆ. ಯಾರಿಗಾಗಿ ಎಂದು ಈಗ ಕೇಳಿದರೆ ಹೇಳಲಾರೆ. ಕೊನೆಗೂ ಒಬ್ಬ ಅಣ್ಣ ಸಿಕ್ಕಿದ್ದ, ಹೋದ. ಆದರೆ ಅವನು ಹೋದದ್ದು ಅಂದಲ್ಲ.

ಸೊಂಟ ಮುರಿದ ಆ ಅಜ್ಜಿ ಈಗ ಕೋಲು ಹಿಡಿದು ನಾಲ್ಕು ಹೆಜ್ಜೆ ಓಡಾಡುತ್ತಾಳಂತೆ. ಬಸ್ಸು ಮಾತ್ರ ಹತ್ತುವುದಿಲ್ಲವಂತೆ.

ಈಗ ನನ್ನ ಗಾಡಿಗೆ ಹೊಸ ಡ್ರೈವರು ಬಂದಿದ್ದಾನೆ. ಶಿಗ್ಗಾವಿಯ ಕಡೆಯ ಹುಡುಗ, ಚುರುಕು, ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಾನೆ. ಮೊದಲ ದಿನವೇ, "ಅಕ್ಕಾರ, ನೀವು ಸೀನಿಯರು, ತಪ್ಪಿದ್ರ ಹೇಳ್ರಿ" ಎಂದ. ಹಾವೇರಿಯಲ್ಲಿ ನನಗೂ ಒಂದು ಚಹಾ ತಂದುಕೊಡುತ್ತಾನೆ. ಅವನಿಂದ ನನಗೆ ಯಾವ ಕೆಡುಕೂ ಆಗಿಲ್ಲ. ಆದರೂ ಇಷ್ಟು ದಿನವಾಯಿತು, ನನ್ನ ಬಾಯಿಂದ ಅವನಿಗೆ ತಮ್ಮಾ ಎಂಬ ಮಾತು ಬಂದಿಲ್ಲ. ಡ್ರೈವರ್ರ ಎಂದೇ ಕರೆಯುತ್ತೇನೆ.